ಶೋಕೇಸಿನ ಗಡಿಗೆ

ಪೋರ್ಚುಗಲ್‌ನಿಂದ ಬಂದು ಸಿಂದಗಿಯಲ್ಲಿ ನಮ್ಮ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದ ಆ ಹೆಂಗಸು ಮೊದಲ ವರ್ಷವೆಲ್ಲ ಚಿತ್ರ ಬರೆದಳು. ಮರುವರ್ಷ ಕುಂಚಗಳನ್ನು ಗಂಟು ಕಟ್ಟಿ ಅಟ್ಟಕ್ಕೇರಿಸಿ, ಮೋರಟಗಿಯ ಕುಂಬಾರರ ಮನೆಗೆ ಕೆಲಸ ಕಲಿಯಲು ಹೋಗತೊಡಗಿದಳು. ಸಂಜೆ ಬಸ್ಸಿನಿಂದ ಇಳಿಯುವಾಗ ಮೊಣಕೈವರೆಗೆ ಕೆಸರು. ನನ್ನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಯಾರಾದರೂ ಕೈಕೊಟ್ಟರೇ? ಕಣ್ಣು ಮಂದವಾಯಿತೇ? ಪಕ್ಕದ ಮನೆಯ ಸಂಗತಿ ತಿಳಿಯದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ.

ಒಂದು ದಿನ ಕೇಳಿಯೇಬಿಟ್ಟೆ. "ಚಿತ್ರ ತೆಗಿಯೂದು ಯಾಕ ಬಿಟ್ರಿ?"

ಅವಳ ಕನ್ನಡವೂ ಕುಂಬಾರರ ಮನೆಯಲ್ಲಿ ಕಲಿತದ್ದೇ. "ಮೊದ್ಲ ಒಂದ್ ಗಡಿಗಿ ಬರ್ಲಿ, ಆಮ್ಯಾಲ ಹೇಳ್ತೇನಿ" ಎಂದು ನಕ್ಕಳು.

ಆವಿಗೆಯ ಬೆಂಕಿಯಲ್ಲಿ ಬಿರುಕು ಬಿಡದೆ ಬೆಂದು ಹೊರಬಂದ ಮೊದಲ ನೀರಿನ ಗಡಿಗೆಯನ್ನು ನಮಗೇ ತಂದುಕೊಟ್ಟಳು. ನಮ್ಮ ಅತ್ತೆಗೆ ಹಿಗ್ಗೋ ಹಿಗ್ಗು. "ಇಷ್ಟ್ ಚಂದ ಗಡಿಗ್ಯಾಗ ಯಾರರೆ ನೀರ್ ಹಾಕ್ತಾರೇನ? ಒಡದ್ರ?" ಎಂದು ಶೋಕೇಸಿನಲ್ಲಿ, ಯಾರೂ ಮುಟ್ಟದ ಚಹಾ ಸೆಟ್ಟಿನ ಪಕ್ಕ ಇಟ್ಟು, ಬಾಯಿಗೆ ಪ್ಲಾಸ್ಟಿಕ್ ಗುಲಾಬಿ ಸಿಕ್ಕಿಸಿದರು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಕೆಲವು ದಿನ ಬಿಟ್ಟು ಒಂದು ರಾತ್ರಿ ಚಹಾಕ್ಕೆ ಬಂದವಳು ಅದನ್ನು ಕಂಡು ನಿಂತಲ್ಲೇ ನಿಂತಳು.

"ಇದಕ್ಕ ನೋಡ್ರಿ ನಾ ಚಿತ್ರ ಬಿಟ್ಟಿದ್ದು. ಎಲ್ಲಾರೂ ನೋಡ್ತಾರ, ಚಂದ ಐತಿ ಅಂತಾರ, ಹೋಗ್ತಾರ. ನಾ ಮಾಡಿದ್ದು ಒಬ್ಬರಿಗರೆ ದಿನಾ ಬೇಕಾಗ್ಲಿ ಅಂತ ಮಣ್ಣು ಹಿಡದೆ."

ಚಹಾ ಕುಡಿಯದೆ ಹೋದಳು. ಅಂದು ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು, ನಾನು ಮಾತ್ರ ಇಂಗು ತಿಂದ ಮಂಗನಂತಾಗಿದ್ದೆ.

ಅದು ರಮಜಾನ್ ತಿಂಗಳು, ಬಿಸಿಲು ಬೇರೆ ಕೆಂಡ. ಮರುದಿನ ನಸುಕಿನಲ್ಲೇ ಅತ್ತೆ ಗುಲಾಬಿಗಳನ್ನು ಕಿತ್ತೆಸೆದು, ಗಡಿಗೆ ತೊಳೆದು, ನೀರು ತುಂಬಿ ಮೂಲೆಯಲ್ಲಿ ಮರಳಿನ ಮೇಲೆ ಕೂರಿಸಿದ್ದರು. ಸಂಜೆ ಉಪವಾಸದ ರೋಜಾ ಬಿಡುವ ಹೊತ್ತಿಗೆ ಅವಳನ್ನೂ ಕರೆಸಿದರು. ಎಲ್ಲರ ಮುಂದೆ ಫ್ರಿಜ್ಜಿನ ಬಾಟಲಿಗಳಿದ್ದವು. ಅಜಾನ್ ಕೇಳಿಸಿತು. ಅತ್ತೆ ಖರ್ಜೂರ ಬಾಯಿಗಿಟ್ಟುಕೊಂಡು, ಎದ್ದು ಹೋಗಿ ಆ ಗಡಿಗೆಯಿಂದಲೇ ಒಂದು ಗ್ಲಾಸು ತುಂಬಿಕೊಂಡು ಬಂದರು. ಅವಳ ಕೈಯಲ್ಲಿದ್ದ ಖರ್ಜೂರ ಕೈಯಲ್ಲೇ ಉಳಿಯಿತು. ಅತ್ತೆಯ ಗಂಟಲನ್ನೇ ನೋಡುತ್ತಿದ್ದಳು.

ಅತ್ತೆ ಕೊನೆಯ ಗುಟುಕಿನವರೆಗೂ ಕುಡಿದು ಮುಖ ಸಿಂಡರಿಸಿದರು. "ಮಣ್ಣಿನ ವಾಸನಿ ಹೊಡಿತೈತಿ."

ಅವಳು ತಲೆ ತಗ್ಗಿಸಿದಳು.

ಅತ್ತೆ ಖಾಲಿ ಗ್ಲಾಸನ್ನು ನನ್ನತ್ತ ಚಾಚಿದರು. "ಇನ್ನೊಂದ್ ಗ್ಲಾಸ್ ತುಂಬ್ಕೊಂಡ್ ಬಾ."