ಹಿಮದಲ್ಲಿ ಕೂತು ಕೇಳಿದ ಕ್ಷಮೆ

ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿದ್ದವು. ಎದ್ದು ನಿಂತ ಮರುಕ್ಷಣವೇ ಧೊಪ್ಪೆಂದು ಹಿಮದ ಮೇಲೆ ಬಿದ್ದೆ. ಅದು ಆರನೇ ಸಲ. ಹನ್ನೆರಡು ವರ್ಷಗಳಿಂದ ಪ್ರತಿ ಚಳಿಗಾಲ ನಮ್ಮೂರು ರೌಂಡ್ ರಾಕ್‌ನಿಂದ ನ್ಯೂ ಮೆಕ್ಸಿಕೋದ ಬೆಟ್ಟಗಳಿಗೆ ಡ್ರೈವ್ ಮಾಡಿಕೊಂಡು ಹೋಗಿ, ಕಾಲಿಗೊಂದು ಪಟ್ಟಿ ಕಟ್ಟಿಕೊಂಡು ಸ್ಕೀಯಿಂಗ್ ಮಾಡುವ ನನಗೆ, ಮಕ್ಕಳು ಆಡುವ ಇಳಿಜಾರಿನಲ್ಲಿ ಸ್ನೋಬೋರ್ಡ್ ಎಂಬ ಈ ಒಂಟಿ ಹಲಗೆಯ ಮೇಲೆ ನಿಲ್ಲಲೂ ಆಗಲಿಲ್ಲ.

ಅದರ ಮೇಲೆ ನನ್ನನ್ನು ಹತ್ತಿಸಿದವಳು ಹೆಂಡತಿ ಸುಜಾತಾ. ಹಿಂದಿನ ವರ್ಷ ತಾನಾಗಿಯೇ ಕ್ಲಾಸಿಗೆ ಸೇರಿ ಇದನ್ನು ಕಲಿತಿದ್ದಳು. ನಗುತ್ತಾಳೆ ಅಂದುಕೊಂಡೆ. ಆಕೆ ಪಕ್ಕದಲ್ಲಿ ಕೂತು ನನ್ನ ಕೈಗವಸಿನ ಹಿಮ ಕೊಡವಿದಳು. “ಅವಸರ ಏನಿಲ್ಲರಿ. ಸ್ವಲ್ಪ ದಣಿವಾರಿಸ್ಕೊಳ್ರಿ.”

ನನಗೆ ಹಳೆಯ ದಿನವೊಂದು ನೆನಪಾಯಿತು. ಮದುವೆಯಾದ ಹೊಸತರಲ್ಲಿ ಆಕೆಗೆ ಸ್ಕೀಯಿಂಗ್ ಕಲಿಸಲು ಹೋಗಿ, ಅವಳು ಬಿದ್ದಾಗಲೆಲ್ಲ ಎಲ್ಲರೆದುರು ರೇಗಿದ್ದೆ. ಆಮೇಲೆ ಎಷ್ಟೋ ವರ್ಷ ಆಕೆ ಹಿಮಕ್ಕೆ ಕಾಲಿಟ್ಟಿರಲಿಲ್ಲ.

“ಅವತ್ತ ನಿನ್ನ ಹಂಗ ಬೈಬಾರದಿತ್ತು,” ಎಂದೆ.

“ಹೌದು, ಬೈಬಾರದಿತ್ತು,” ಎಂದಳು. ಆಮೇಲೆ ಎರಡೂ ಕೈ ಚಾಚಿದಳು. “ಈಗ ಏಳ್ರಿ.”

ಅವತ್ತು ನಾನು ಕಲಿತದ್ದು ಇಪ್ಪತ್ತು ಅಡಿ ಜಾರುವುದನ್ನಷ್ಟೆ. ಆದರೆ ವಾಪಸ್ ಬರುವಾಗ ಸುಜಾತಾ ಆ ಹಳೆಯ ದಿನದ ಬಗ್ಗೆ ಮೊದಲ ಸಲ ಬಾಯಿಬಿಟ್ಟಳು. ಮಧ್ಯೆ ಮಾತಾಡದೆ ಪೂರ್ತಿ ಕೇಳಿಸಿಕೊಂಡೆ.