ಮೂರು ಕಾಲಿನ ಕುದುರೆಯ ಗೋಡೆ

ಶನಿವಾರ, ಬೆಳಗಿನ ಐದೂವರೆ. ಕಿರ್ಗಿಜರ ರಾಜಧಾನಿ ಬಿಷ್ಕೆಕ್‌ನ ಹಳೆಯ ಐದಂತಸ್ತಿನ ಕಟ್ಟಡವೊಂದರ ಪಕ್ಕದ ಗೋಡೆಗೆ ಏಣಿ ಒರಗಿಸಿಕೊಂಡು ಬುರುಲ್ ಎಜೆ ಕುದುರೆಯ ಗೊರಸು ತೊಳೆಯುತ್ತಿದ್ದಾರೆ. ಕೈಯಲ್ಲಿ ಬೂಟು ಉಜ್ಜುವ ಬ್ರಷ್ಷು, ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು. ಕುದುರೆ ಬಣ್ಣದ ಗಾಜಿನ ಚೂರುಗಳದ್ದು. ಅಂತಸ್ತಿಗೊಂದರಂತೆ ಐದು ಕುದುರೆಗಳು ಬೆಟ್ಟ ಹತ್ತುತ್ತಿವೆ. ಎಜೆಯ ಕೈಗೆ ಎಟಕುವುದು ಕೆಳಗಿನದೊಂದೇ. ಅರವತ್ತಾರರ ವಯಸ್ಸು, ಮಂಡಿ ನೋವು ಬೇರೆ. ರೊಟ್ಟಿ ತರಲು ಹೊರಟ ನೆರೆಯವರು, ಎಜೆ, ಇಳೀರಿ ಅಂತ ಗದರುತ್ತಾರೆ. ಎಜೆ ಅಂದರೆ ಅಕ್ಕ. ಬೀದಿಗೆಲ್ಲ ಅಕ್ಕನಾದವರು ಯಾರ ಮಾತು ಕೇಳುತ್ತಾರೆ?

ಒಂಬತ್ತಕ್ಕೆ ಜನ ಬರುತ್ತಾರೆ. ಸೋವಿಯತ್ ಕಾಲದ ಗೋಡೆಗಳನ್ನು ನೋಡುತ್ತ ಊರು ಸುತ್ತುವ ಶನಿವಾರದ ನಡಿಗೆಗೆ ಹನ್ನೊಂದು ವರ್ಷಗಳಿಂದ ಎಜೆಯೇ ಮುಂದಾಳು. ಮೂರು ಗಂಟೆ, ಏಳು ಕಿಲೋಮೀಟರು, ಒಂಬತ್ತು ಗೋಡೆ. ಈಜುಕೊಳದ ಈಜುಗಾರ್ತಿಯರು, ಬಾಗಿಲು ಹಾಕಿದ ಚಿತ್ರಮಂದಿರದ ಸೂರ್ಯ, ಬಸ್ ತಂಗುದಾಣದ ಟ್ಯುಲಿಪ್ ಹೂವು. ನಡುವೆ ಎಲ್ಲರಿಗೂ ಚೀಲದಿಂದ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೋರ್ಸೊಕ್, ಫ್ಲಾಸ್ಕಿನಿಂದ ಚಹಾ. ಬಾಯ್ಲರ್ ಮನೆಯ ಮೇಲೆ ಹೊಸ ಹುಡುಗರು ಸ್ಪ್ರೇಯಲ್ಲಿ ಬರೆದ ದೊಡ್ಡ ಹೆಣ್ಣುಮುಖದ ಮುಂದೆಯೂ ನಿಲ್ಲಿಸುತ್ತಾರೆ. "ಬಣ್ಣ ಚೆನ್ನಾಗಿದೆ. ಆದ್ರೆ ಇದು ಗೋಡೆಗೆ ಬಂದಿರೋ ನೆಂಟ್ರು. ನಮ್ಮದು ಸಂಸಾರ" ಎಂದು ನಗುತ್ತಾರೆ.

ಈ ಕೆಲಸ ಅವರ ಪಾಲಿಗೆ ಬಂದದ್ದೇ ಜಗಳದಿಂದ. ಒಮ್ಮೆ ಗೈಡೊಬ್ಬ ಇದೇ ಗೋಡೆಯ ಕೆಳಗೆ ನಿಂತು, ಕಲಾವಿದರು ಹಗ್ಗಕ್ಕೆ ಜೋತುಬಿದ್ದು ಒಂದೊಂದೇ ಚೂರು ಅಂಟಿಸಿದರು ಎಂದು ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತಿದ್ದನಂತೆ. ಎಜೆ ಚಪ್ಪಲಿಯಲ್ಲೇ ಕೆಳಗಿಳಿದು ಬಂದು ಬಾಯಿ ಮುಚ್ಚಿಸಿದರು. ಮೂವತ್ತೊಂದು ವರ್ಷ ಟೈಲು ಕೂರಿಸಿದ ಹೆಂಗಸಿಗೆ ಯಾರು ಎದುರಾಡುತ್ತಾರೆ? ಮುಂದಿನ ವಾರ ಜನ ಅವರನ್ನೇ ಹುಡುಕಿಕೊಂಡು ಬಂದರು.

ಕೆಲಸದ ಮರ್ಮ ಅವರು ಹೇಳುವುದು ಹೀಗೆ. ಗಾಜಿನ ಚೂರುಗಳನ್ನು ಮೊದಲೇ ಮುಖ ಕೆಳಗಾಗಿ ಕಾಗದಕ್ಕೆ ಅಂಟಿಸಿರುತ್ತಾರೆ. ಹಾಳೆಗೊಂದು ನಂಬರು. ಹಸಿ ಸಿಮೆಂಟಿಗೆ ಹಾಳೆ ಒತ್ತಬೇಕು. ಆಗ ಎದುರಿಗೆ ಕಾಣುವುದು ಬರೀ ಕಾಗದ. ಸಿಮೆಂಟು ಗಟ್ಟಿಯಾದ ಮೇಲೆ ಬಿಸಿನೀರು ಹಾಕಿ ಕಾಗದ ಸುಲಿದಾಗಲೇ ಚಿತ್ರದ ದರ್ಶನ.

ಈ ಗೋಡೆಯಲ್ಲಿ ದರ್ಶನವಾದದ್ದು ಮಾತ್ರ ಮೂರು ಕಾಲಿನ ಕುದುರೆ. ನಲವತ್ತಾರು ವರ್ಷದ ಹಿಂದಿನ ಮಾತು. ಕ್ರಾಂತಿಯ ನೆನಪಿನ ನವೆಂಬರ್ ಹಬ್ಬಕ್ಕೆ ನಾಲ್ಕೇ ದಿನ ಉಳಿದಿತ್ತು, ಜಡಿಮಳೆಗೆ ನಂಬರುಗಳು ಕಲಸಿಹೋಗಿದ್ದವು. ಆತುರಗಾರನಿಗೆ ಬುದ್ಧಿ ಮಟ್ಟ. ಮೂರನೆಯ ಅಂತಸ್ತಿನಲ್ಲಿ ಎರಡು ಹಾಳೆ ಅದಲುಬದಲಾಗಿ, ಕುದುರೆಯ ಒಂದು ಕಾಲಿದ್ದಲ್ಲಿ ಹುಲ್ಲು ಬಂತು, ಪಕ್ಕದ ಹುಲ್ಲಿನಲ್ಲಿ ಕಾಲೊಂದು ಒಂಟಿಯಾಗಿ ನಿಂತಿತು. ಉದ್ಘಾಟನೆಗೆ ಬಂದ ಅಧಿಕಾರಿಗಳು ಚಿತ್ರದ ತುತ್ತತುದಿಯಲ್ಲಿದ್ದ ಬಾವುಟ ನೋಡಿ ಚಪ್ಪಾಳೆ ತಟ್ಟಿ ಹೋದರು. ಮರುದಿನ ಮಗನ ಮನೆಗೆಂದು ಬೆಟ್ಟದಿಂದ ಇಳಿದು ಬಂದ ಕುದುರೆ ಮೇಯಿಸುವ ಮುದುಕನೊಬ್ಬ ಮಾತ್ರ ಒಂದು ಕ್ಷಣ ನೋಡಿ, "ಇದನ್ನ ಕೂರಿಸಿದೋರು ಕುದುರೆ ಹಾಲು ಕುಡಿದು ಬೆಳೆದೋರಲ್ಲ" ಎಂದ. ಬಕೆಟ್ಟು ಹಿಡಿದು ಪಕ್ಕದಲ್ಲೇ ನಿಂತಿದ್ದ ಇಪ್ಪತ್ತರ ಬುರುಲ್ ಕಟ್ಟಡದ ಹಿಂದಕ್ಕೆ ಸರಿದರು. ಕಿರ್ಗಿಜರ ಮಗಳಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅಂದಿನಿಂದ ಯಾರು ಕೇಳಿದರೂ, ಯಾರೋ ಕೆಲಸದವರು ಎಡವಟ್ಟು ಮಾಡಿದರು ಎಂದೇ ಹೇಳುತ್ತ ಬಂದಿದ್ದಾರೆ.

ಈಗ ಆ ತಪ್ಪು ಬಡ್ಡಿ ಸಮೇತ ಎದುರಿಗೆ ಬಂದಿದೆ. ಉಳಿಸಬೇಕಾದ ಚಿತ್ರಗಳ ಪಟ್ಟಿಯಿಂದ ನಗರಾಡಳಿತದವರು ಈ ಗೋಡೆಯನ್ನು ಬಿಟ್ಟಿದ್ದಾರೆ. ಕಾರಣ, ಕೆಲಸದಲ್ಲಿ ದೋಷ. ಪಟ್ಟಿಯಲ್ಲಿಲ್ಲದ ಗೋಡೆಗೆ ಚಳಿ ತಡೆಯಲು ಥರ್ಮಾಕೋಲ್ ಹೊದಿಸಬಹುದು. ಅದಕ್ಕೆ ಗೋಡೆಗೆ ತಾಗಿದ ಐದೂ ಮನೆಯವರ ಸಹಿ ಬೇಕು. ನಾಲ್ಕು ಬಂದಿವೆ. ಐದನೆಯದು ಮೂರನೆಯ ಅಂತಸ್ತಿನ ಬುರುಲ್ ಎಜೆಯದು. ಕಾಗದ ಹದಿನೈದು ದಿನಗಳಿಂದ ಅವರ ಅಡುಗೆಮನೆ ಮೇಜಿನ ಮೇಲಿದೆ.

ಸಹಿ ಹಾಕದಿದ್ದರೆ ಐದೂ ಕುದುರೆ ಉಳಿಯುತ್ತವೆ, ಅಷ್ಟು ಸುಲಭ. ಆದರೆ ನಾಲ್ಕನೆಯ ಅಂತಸ್ತಿನ ಚೋಲ್ಪೊನ್‌ಗೆ ಏಳು ತಿಂಗಳ ಮಗುವಿದೆ. ಚಳಿಗಾಲ ಬಂತೆಂದರೆ ಅವಳ ಕೋಣೆಯ ಗೋಡೆ ಒಳಗಿನಿಂದ ಬೆವೆತು ಕಪ್ಪಗೆ ಬೂಸ್ಟು ಹಿಡಿಯುತ್ತದೆ. ತೊಟ್ಟಿಲು ಅಡುಗೆಮನೆಗೆ ಬಂದಿದೆ, ಕೆಮ್ಮು ನಿಂತಿಲ್ಲ. ಮೆಟ್ಟಿಲಲ್ಲಿ ಎದುರಾದಾಗ ಅವಳು ಸುತ್ತುಬಳಸಿ ಮಾತಾಡಲಿಲ್ಲ.

"ಎಜೆ, ನಿಮ್ಮ ಕುದುರೆಗೆ ಚಳಿ ಆಗಲ್ಲ. ನನ್ನ ಕೂಸಿಗೆ ಆಗುತ್ತೆ."

ಎಜೆಗೆ ಎರಡು ದಿನ ನಿದ್ದೆ ಇಲ್ಲ. "ಅವಳು ಹೇಳಿದ್ರಲ್ಲಿ ಸುಳ್ಳೇನಿದೆ? ಆ ಬೂಸ್ಟು ನನ್ನ ಗೋಡೇಲೂ ಇದೆ" ಎಂದು, ಅವರ ಬಗ್ಗೆ ಬರೆಯಲು ಬಂದ ನನಗೆ ತೋರಿಸುತ್ತಾರೆ. ಮೂರನೆಯ ದಿನ ಕಾಗದ ತೆಗೆದುಕೊಂಡು ಚೋಲ್ಪೊನ್ ಮನೆ ಬಾಗಿಲು ತಟ್ಟುತ್ತಾರೆ. ಸಹಿ ಹಾಕಿದ್ದಾರೆ. ಕೆಳಗೆ ಒಂದು ಸಾಲು ಸೇರಿಸಿದ್ದಾರೆ: ನನ್ನ ಮನೆಯ ಭಾಗಕ್ಕೆ ಹೊದಿಸುವುದು ಬೇಡ. ಚೋಲ್ಪೊನ್ ಓದಿ, ನಿಮ್ಮ ಮಂಡಿ ಏನಾಗಬೇಕು ಎಂದು ಕೇಳುತ್ತಾಳಂತೆ. ಕೋಟು ಹಾಕ್ಕೊಂಡು ಟೀವಿ ನೋಡ್ತೀನಿ ಬಿಡು ಎಂದು ಎಜೆ ಮಗುವನ್ನು ಎತ್ತಿಕೊಳ್ಳುತ್ತಾರೆ.

ತಿಂಗಳು ಕಳೆದ ಮೇಲಿನ ಶನಿವಾರ. ಗೋಡೆಯೆಲ್ಲ ಬೂದುಬಣ್ಣ. ಮಧ್ಯದಲ್ಲಿ ಅಡ್ಡಪಟ್ಟಿಯೊಂದು ಮಾತ್ರ ಬಿಸಿಲಿಗೆ ಹೊಳೆಯುತ್ತದೆ. ಅದರೊಳಗೆ ಮೂರು ಕಾಲಿನ ಕುದುರೆ. ನಡಿಗೆಗೆ ಬಂದ ಹದಿನಾಲ್ಕು ಜನ ಕತ್ತೆತ್ತಿ ನೋಡುತ್ತಾರೆ. ಅವರಲ್ಲೊಬ್ಬ ನಗುತ್ತ, ಉಳಿಸಿದ್ದು ಉಳಿಸಿದಿರಿ, ತಪ್ಪಾದದ್ದನ್ನೇ ಯಾಕೆ ಉಳಿಸಿದಿರಿ, ಇಂಥ ಕೆಲಸ ಮಾಡಿದ ಪುಣ್ಯಾತ್ಮ ಯಾರು ಎಂದು ಕೇಳುತ್ತಾನೆ.

ಎಜೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತಾರೆ.

"ನಾನೇ" ಎನ್ನುತ್ತಾರೆ. "ಆ ಹೊದಿಕೆ ಒಳಗೆ ಇನ್ನೂ ನಾಲ್ಕು ಕುದುರೆ ಇದಾವೆ. ಅವನ್ನೂ ನಾನೇ ಕೂರಿಸಿದ್ದು. ಯಾವತ್ತಾದ್ರೂ ಬಿಚ್ಚಿದ್ರೆ ಎಣಿಸಿ ನೋಡಿ, ಒಂದಕ್ಕೂ ಕಾಲು ಕಮ್ಮಿ ಇಲ್ಲ."