ಐರಿನ್ ಯಾರೆಂದು ನನಗೆ ಗೊತ್ತಿತ್ತು

ಐರಿನ್, ನೀನು ಯಾರೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ. ಕುವೈತಿನಲ್ಲಿ, ಹಾಡಹಗಲಿನಲ್ಲಿ, ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಮೂವತ್ತೈದು ವರ್ಷ ಅದನ್ನು ಮುಚ್ಚಿಟ್ಟೆ — ಇನ್ನು ಮುಚ್ಚಿಡುವುದಿಲ್ಲ, ಯಾರು ಬೇಡವೆಂದರೂ.

ಇರಾಕಿನ ಸೈನ್ಯ ಕುವೈತ್ ನಗರವನ್ನು ಹಿಡಿದ ಬೆಳಿಗ್ಗೆ ನೀನು ಕೆಲಸಕ್ಕಿದ್ದ ಮನೆಯವರು ನಿನ್ನನ್ನು ಹೊರಗೇ ಬಿಟ್ಟು ಬಾಗಿಲಿಗೆ ಬೀಗ ಜಡಿದು ಸೌದಿಯ ಕಡೆಗೆ ಓಡಿಹೋದರು. ನಿನ್ನ ಪಾಸ್‌ಪೋರ್ಟ್ ಅವರ ಜೊತೆಗೇ ಹೋಯಿತು. ನೀನು ಮೆಟ್ಟಿಲಿಳಿದು ಕೆಳಗಿನ ನಮ್ಮ ಫ್ಲ್ಯಾಟಿಗೆ ಬಂದೆ. ಬೀದಿಯಲ್ಲಿ ಟ್ಯಾಂಕುಗಳು. ನನ್ನ ಗಂಡ ಕಿಟಕಿಯ ಪರದೆ ಸರಿಸಲೂ ಹೆದರುತ್ತಿದ್ದರು. ನೀನು ತಲೆಗೆ ಬಟ್ಟೆ ಸುತ್ತಿಕೊಂಡು ಬೇಕರಿಯ ಮುಂದೆ ಗಂಟೆಗಟ್ಟಲೆ ನಿಂತು ಖುಬೂಸ್ ರೊಟ್ಟಿ ತರುತ್ತಿದ್ದೆ. ಒಂದು ದಿನ ಸೈನಿಕನೊಬ್ಬ ಬಂದೂಕಿನ ಹಿಡಿಯಿಂದ ನಿನ್ನ ಭುಜಕ್ಕೆ ಹೊಡೆದ. ಮರುದಿನವೂ ನೀನು ಹೋದೆ. ನನ್ನ ನಾಲ್ಕು ವರ್ಷದ ಮಗಳು ಆ ಐದು ವಾರ ಬದುಕಿದ್ದು ನೀನು ತಂದ ರೊಟ್ಟಿಯಿಂದ.

ಆಮೇಲೆ ಬಸ್ಸು ಬಂತು. ಶಾಲೆಯೊಂದರ ಅಂಗಳದಲ್ಲಿ ಹೆಸರು ಬರೆಸಿದ ಭಾರತೀಯರನ್ನು ಜೋರ್ಡಾನಿಗೆ ಕಳಿಸುತ್ತಿದ್ದರು. ಪಾಸ್‌ಪೋರ್ಟ್ ಇಲ್ಲದವರನ್ನೂ, ಯಾವುದಾದರೂ ಕುಟುಂಬ ನಮ್ಮವರೆಂದು ಹೇಳಿದರೆ, ಹತ್ತಿಸಿಕೊಳ್ಳುತ್ತಿದ್ದರು. ನೀನು ನನ್ನ ಕಿವಿಯ ಬಳಿ ಬಾಗಿ, "ತಂಗಿ ಅಂತ ಹೇಳಿ ಅಕ್ಕ, ಅಷ್ಟು ಸಾಕು" ಎಂದೆ.

ಮೇಜಿನ ಹಿಂದೆ ಹೆಸರು ಬರೆಯುತ್ತಿದ್ದವರು ಕೇಳಿದರು: "ಇವ್ರು ನಿಮ್ಮೋರಾ ಮೇಡಂ?"

"ಅಲ್ಲ. ಯಾರೋ, ಗೊತ್ತಿಲ್ಲ."

ನೀನು ಅಲ್ಲಿಯವರೆಗೆ ಹೊತ್ತು ತಂದಿದ್ದ ನನ್ನ ಚೀಲವನ್ನು ನನ್ನ ಕಾಲ ಬಳಿ ಇಟ್ಟು ಪಕ್ಕಕ್ಕೆ ಸರಿದೆ.

ದಾರಿಯ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಮಗಳ ಗತಿಯೇನು ಎಂದು ಹೆದರಿದೆ — ಹೀಗೆ ಹೇಳಬಹುದು. ಹೇಳುವುದಿಲ್ಲ. ನಮ್ಮ ಹಿಂದೆ ಗಂಡನ ಆಫೀಸಿನವರ ಹೆಂಡತಿಯರು ನಿಂತಿದ್ದರು. ಅವರೆದುರು ಮನೆಗೆಲಸದವಳನ್ನು ತಂಗಿ ಎನ್ನಲು ನನಗೆ ನಾಚಿಕೆಯಾಯಿತು. ಅಷ್ಟೇ. ಒಂದು ದೇಶದ ರಾಜಧಾನಿಯೇ ಬಿದ್ದುಹೋಗಿತ್ತು, ನನ್ನ ಅಂತಸ್ತು ಮಾತ್ರ —

ಯುದ್ಧ ಮುಗಿದ ಮೇಲೆ ಒಬ್ಬರು, ನೀನು ಲಾರಿ ಹತ್ತಿ ಗಡಿ ದಾಟಿದೆ ಎಂದರು. ಇನ್ನೊಬ್ಬರು, ಬಾಂಬು ಬೀಳುವಾಗಲೂ ನೀನು ಅಲ್ಲೇ ಇದ್ದೆ ಎಂದರು. ಯಾವುದು ನಿಜವೆಂದು ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ಗೊತ್ತಾಗಿಬಿಡುತ್ತಿತ್ತಲ್ಲ.

ನಾವು ಮಿಶಿಗನ್ನಿಗೆ ಬಂದೆವು. ವೆಸ್ಟ್ ಬ್ಲೂಮ್‌ಫೀಲ್ಡಿನ ಊಟದ ಕೂಟಗಳಲ್ಲಿ ಕುವೈತಿನ ಕಥೆ ಎಷ್ಟು ಸಲ ಹೇಳಿದೆನೋ! ಅದರಲ್ಲಿ ನೀನಿರಲಿಲ್ಲ, ಐರಿನ್. ಬೇಕರಿಗೆ ನಾನೇ ಹೋಗುತ್ತಿದ್ದೆ. ಭುಜಕ್ಕೆ ಏಟು ಬಿದ್ದದ್ದೂ ನನಗೇ.

ಕಳೆದ ತಿಂಗಳು ಇಲ್ಲಿಯ ಕನ್ನಡದ ಗುಂಪಿನವರು ಹಿರಿಯರ ನೆನಪುಗಳನ್ನು ವಿಡಿಯೊ ಮಾಡಲು ಮನೆಗೆ ಬಂದರು. ಮಗಳು ತಾನಿರುವ ಅರೋರಾ ಊರಿನಿಂದ ಸುಮಾರು ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದು ಎದುರಿಗೇ ಕೂತಿದ್ದಳು. ಖುಬೂಸಿನ ಮಾತು ಬಂದಾಗ, "ಅದು ನಾನಲ್ಲ" ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

"ಅಮ್ಮಾ, ಸ್ಟಾಪ್. ಪ್ಲೀಸ್," ಎಂದಳು ಮಗಳು.

ಗಂಡ ಎದ್ದು ನಿಂತರು. "ಅವಳು ಇದಾಳೋ ಇಲ್ವೋ. ಈಗ ಯಾಕೆ ಬೇಕು ನಿಂಗೆ ಇದೆಲ್ಲ?"

ವಿಡಿಯೊ ತೆಗೆಯುತ್ತಿದ್ದ ಹುಡುಗಿ ಮೆಲ್ಲಗೆ, "ಆ ಪಾರ್ಟ್ ಎಡಿಟ್ ಮಾಡ್ತೀವಿ ಆಂಟಿ, ವರಿ ಮಾಡ್ಬೇಡಿ" ಎಂದಳು.

"ಅದನ್ನ ತೆಗೆದ್ರೆ ಉಳಿದಿದ್ದೆಲ್ಲ ಸುಳ್ಳಮ್ಮ. ಹಾಕೋದಾದ್ರೆ ಪೂರ್ತಿ ಹಾಕಿ. ಇಲ್ದಿದ್ರೆ ಬೇಡವೇ ಬೇಡ."

ಅವರು ಹಾಕಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗಂಡ ನನ್ನೊಡನೆ ನೆಟ್ಟಗೆ ಮಾತಾಡಿ ಹತ್ತು ದಿನವಾಯಿತು. ಮಗಳು ಫೋನ್ ಎತ್ತುತ್ತಿಲ್ಲ. ಆಗಲಿ.

ನಿನ್ನೂರು ಕಾರ್ಕಳದ ಹತ್ತಿರ ಎಂದಿದ್ದೆ. ಮುಂದಿನ ತಿಂಗಳು ಒಬ್ಬಳೇ ಬರುತ್ತೇನೆ. ಅಲ್ಲಿಯ ಚರ್ಚುಗಳಲ್ಲಿ ಕೇಳಿಕೊಂಡು ಬರುತ್ತೇನೆ. ನೀನಿಲ್ಲದಿದ್ದರೆ ನಿನ್ನವರು ಯಾರಾದರೂ ಇದ್ದಾರು. ಕ್ಷಮೆ ಬೇಡಲು ಬರುತ್ತಿಲ್ಲ — ಅದು ಬೇಕಾಗಿರುವುದು ನನಗೆ, ನಿನಗಲ್ಲ. ನೀನು ಬಾಗಿಲು ತೆರೆಯದಿದ್ದರೂ ಸರಿ. ಅಂಗಳದಲ್ಲೇ ನಿಂತು, ನಿನ್ನ ನೆರೆಹೊರೆಯವರೆಲ್ಲ ಕೇಳುವ ಹಾಗೆ, ನಾನು ಮಾಡಿದ್ದೇನೆಂದು ಗಟ್ಟಿಯಾಗಿ ಹೇಳುತ್ತೇನೆ.